ನನಗೆ ಇಷ್ಟು ಬರುತ್ತದೆ



2011ರ ನವೆಂಬರ್ 4ರಿಂದ 6ರವರೆಗೆ ಪುಣೆಯ ಕಾಲೇಜ್ ಆಫ್ ಇಂಜಿನಿಯರಿಂಗ್‌ನಲ್ಲಿ ಫೆಡೋರಾ ಬಳಗದ ಸಮಾವೇಶ ನಡೆಯಿತು. ಫೆಡೋರಾ ಎಂದರೆ ಲಿನಕ್ಸ್ ಕುಟುಂಬದ ಒಂದು ಆಪರೇಟಿಂಗ್ ಸಿಸ್ಟಮ್. ರೆಡ್ ಹ್ಯಾಟ್ ಕಂಪನಿಯ ಬೆಂಬಲವಿದ್ದರೂ ಅದರ ಕೆಲಸಕ್ಕೆ ದೇಶದೇಶಗಳ ಸ್ವಯಂಸೇವಕರು ಕೈಜೋಡಿಸುತ್ತಾರೆ. ಹೊಸಬರು ಮೊದಲು ತಮ್ಮ ಪರಿಚಯ ಹೇಳಿಕೊಳ್ಳುವುದು ಈ ಬಳಗದ ರೂಢಿ: ಯಾರು, ಯಾವ ಊರು, ಏನು ಬರುತ್ತದೆ, ಏನು ಕಲಿಯುವಾಸೆ. ಅಂಕಪಟ್ಟಿಯನ್ನು ಯಾರೂ ಕೇಳುವುದಿಲ್ಲ.

ಪ್ರೋಗ್ರಾಂ ಬರೆಯಲು ಬಾರದವರಿಗೂ ಅಲ್ಲಿ ಕೆಲಸವುಂಟು. ಉದಾಹರಣೆಗೆ, ಕಂಪ್ಯೂಟರಿನಲ್ಲಿ ‘ಸ್ತ್ರೀ’ ಎಂದು ಟೈಪ್ ಮಾಡಿ ನೋಡಿ. ತಕಾರದ ಒತ್ತು, ರಕಾರದ ಒತ್ತು, ದೀರ್ಘ ಎಲ್ಲವೂ ಒಂದರ ಮೇಲೊಂದು ಬೀಳದೆ ಕೂರಬೇಕು. ಕೂರದಿದ್ದರೆ ಅದನ್ನು ಥಟ್ಟನೆ ಹಿಡಿಯುವುದು ಕನ್ನಡ ಓದಿ ಪಳಗಿದ ಕಣ್ಣು. ಆ ದೋಷವನ್ನು ವಿವರವಾಗಿ ಬರೆದು ತಿಳಿಸಿದರೆ ಅದೇ ದೊಡ್ಡ ಸೇವೆ. ಮೆನುಗಳಿಗೆ ಕನ್ನಡ ಪದ ಹೊಂದಿಸುವುದೂ ಹಾಗೆಯೇ.

ಲಿನಕ್ಸ್ ಕೂಡ ಸಣ್ಣದಾಗಿಯೇ ಶುರುವಾದದ್ದು. 1991ರಲ್ಲಿ ಅದನ್ನು ಆರಂಭಿಸಿದಾಗ ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯ ಒಬ್ಬ ವಿದ್ಯಾರ್ಥಿ. ತನ್ನದು ಬರೀ ಹವ್ಯಾಸ ಎಂದೇ ಆತ ಹೇಳಿಕೊಂಡಿದ್ದ. ಇಂದು ಲೋಕದ ಬಹುಪಾಲು ಸರ್ವರ್‌ಗಳೂ ಆಂಡ್ರಾಯ್ಡ್ ಫೋನುಗಳೂ ಲಿನಕ್ಸನ್ನೇ ನೆಚ್ಚಿವೆ.

ಈ ಮಾತು ಸಾಫ್ಟ್‌ವೇರ್‌ಗಷ್ಟೇ ಅಲ್ಲ: ಊರಿನ ಗ್ರಂಥಾಲಯವಿರಲಿ, ಶಾಲೆಯ ಕೆಲಸವಿರಲಿ, ನಾವು ಹಿಂಜರಿಯುವುದು ‘ನನಗೇನು ಗೊತ್ತು’ ಎಂದುಕೊಂಡು. ‘ನನಗೆ ಇಷ್ಟು ಬರುತ್ತದೆ, ಉಳಿದದ್ದನ್ನು ಕಲಿಯುತ್ತೇನೆ’ ಎಂದು ಮುಂದೆ ಬಂದವರಿಂದಲೇ ಸಾರ್ವಜನಿಕ ಕೆಲಸಗಳು ನಡೆದಿವೆ. ಇಂದು ಅಂಥದೊಂದು ಕೆಲಸಕ್ಕೆ ನಮ್ಮ ಹೆಸರನ್ನೂ ಕೊಡೋಣ.