ಸೋರದ ಪೊರೆ

ಮೈಟೋಕಾಂಡ್ರಿಯ ಜೀವಕೋಶದ ಶಕ್ತಿಕೇಂದ್ರವೆಂದು ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಹೊರಗೊಂದು ನುಣುಪಾದ ಪೊರೆ, ಒಳಗೊಂದು ನೆರಿಗೆಗಟ್ಟಿದ ಪೊರೆ ಬರೆದು, ನೆರಿಗೆಯಿಂದ ಮೇಲ್ಮೈ ಹೆಚ್ಚುತ್ತದೆ ಎಂದು ಒಂದು ಸಾಲು ಸೇರಿಸಿದರೆ ಪೂರ್ತಿ ಅಂಕ. ಉತ್ತರವೇನೂ ತಪ್ಪಲ್ಲ. ಬಿಡುವಿಲ್ಲದೆ ದುಡಿಯುವ ಹೃದಯದ ಮೈಟೋಕಾಂಡ್ರಿಯಗಳಲ್ಲಿ ನೆರಿಗೆಗಳು ಒತ್ತೊತ್ತಾಗಿವೆ, ಯಕೃತ್ತಿನವುಗಳಲ್ಲಿ ವಿರಳ. ಆದರೂ ಅದು ಅರ್ಧ ಉತ್ತರವೆಂದೇ ನನ್ನ ಎಣಿಕೆ. ಒಳಪೊರೆಯ ಹೆಚ್ಚುಗಾರಿಕೆ ಇರುವುದು ಅದು ಸೋರದಿರುವುದರಲ್ಲಿ.

ಉಂಡ ಅನ್ನದಿಂದ ಬಂದ ಎಲೆಕ್ಟ್ರಾನುಗಳು ಒಳಪೊರೆಯ ಪ್ರೋಟೀನುಗಳಲ್ಲಿ ಕೈಯಿಂದ ಕೈಗೆ ದಾಟಿ ಕೊನೆಗೆ ಆಕ್ಸಿಜನ್ನನ್ನು ಸೇರುತ್ತವೆ. ಆಗ ಬಿಡುಗಡೆಯಾದ ಶಕ್ತಿ, ಜೀವಕೋಶದ ಚಿಲ್ಲರೆ ನಾಣ್ಯವಾದ ಎಟಿಪಿ ಆಗುವುದು ಹೇಗೆ? ನಡುವೆ ಯಾವುದೋ ರಾಸಾಯನಿಕವಿದೆಯೆಂದು ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದರು, ಸಿಗಲಿಲ್ಲ. ಬ್ರಿಟನ್ನಿನ ಪೀಟರ್ ಮಿಚೆಲ್ 1961ರಲ್ಲಿ ಬೇರೆಯೇ ದಾರಿ ತೋರಿಸಿದರು: ಎಲೆಕ್ಟ್ರಾನುಗಳ ಓಟ ಪ್ರೋಟಾನುಗಳನ್ನು ಪೊರೆಯಾಚೆಗೆ ದೂಡುತ್ತದೆ, ಅವು ಮರಳಿ ಒಳನುಗ್ಗುವ ರಭಸದಲ್ಲಿ ಎಟಿಪಿ ತಯಾರಾಗುತ್ತದೆ. ಪೊರೆಯ ಎರಡು ಬದಿಗಳ ನಡುವಿನ ವಿದ್ಯುತ್ ವ್ಯತ್ಯಾಸ ಸುಮಾರು 150 ಮಿಲಿವೋಲ್ಟ್ ಅಷ್ಟೇ. ಆದರೆ ಪೊರೆಯ ದಪ್ಪ ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು 3 ಕೋಟಿ ವೋಲ್ಟ್! ಇಷ್ಟು ಒತ್ತಡವನ್ನು ತೂತಿಲ್ಲದ ಪೊರೆ ಮಾತ್ರ ತಡೆದೀತು. ಮಿಚೆಲ್ ಮಾತನ್ನು ಬಹಳ ಮಂದಿ ಒಪ್ಪಲಿಲ್ಲ. ಆದರೆ 1974ರಲ್ಲಿ ವಿಜ್ಞಾನಿಗಳಾದ ರಾಕರ್ ಮತ್ತು ಸ್ಟೋಕೆನಿಯಸ್ ಕೊಬ್ಬಿನ ಕೃತಕ ಗುಳ್ಳೆಗಳಿಗೆ ಎರಡೇ ಪ್ರೋಟೀನು ಕೂಡಿಸಿದರು: ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ, ಬೆಳಕಿನಿಂದ ನಡೆಯುವ ಪ್ರೋಟಾನ್ ಪಂಪು ಮತ್ತು ದನದ ಹೃದಯದ, ಎಟಿಪಿ ತಯಾರಿಸುವ ಯಂತ್ರ. ಬೆಳಕು ಬಿದ್ದೊಡನೆ ಎಟಿಪಿ ಹುಟ್ಟಿತು. ಒಂದಕ್ಕೊಂದು ನಂಟಿಲ್ಲದ ಈ ಎರಡನ್ನು ಬೆಸೆದದ್ದು ಮುಚ್ಚಿದ ಗುಳ್ಳೆಯೊಂದೇ. 1978ರಲ್ಲಿ ಮಿಚೆಲ್ ಅವರಿಗೆ ನೊಬೆಲ್ ಬಂತು.

ಬ್ಯಾಕ್ಟೀರಿಯಕ್ಕೆ ಮೈಟೋಕಾಂಡ್ರಿಯವೇ ಇಲ್ಲ, ಆದರೂ ಬದುಕುವುದಿಲ್ಲವೇ ಎಂದು ಕೇಳಬಹುದು. ಅದು ತನ್ನ ಮೈಯನ್ನು ಸುತ್ತಿದ ಪೊರೆಯನ್ನೇ ಈ ಕೆಲಸಕ್ಕೆ ಹಚ್ಚುತ್ತದೆ. ಅದೂ ಸೋರದ ಪೊರೆಯೇ. ಹಾಗಾದರೆ ನೆರಿಗೆ ಬರಿಯ ಅಲಂಕಾರವೇ? ಅಲ್ಲ. ಎಟಿಪಿ ಯಂತ್ರಗಳು ಜೋಡಿಜೋಡಿಯಾಗಿ ಸಾಲುಗಟ್ಟುವುದು ನೆರಿಗೆಯ ಅಂಚಿನಲ್ಲಿ, ಪೊರೆಯನ್ನು ಅಲ್ಲಿ ಬಾಗಿಸುವುದರಲ್ಲೂ ಅವುಗಳ ಕೈವಾಡವಿದೆ. ಇನ್ನು, ಹಸುಗೂಸಿನ ಕಂದುಕೊಬ್ಬಿನಲ್ಲಿ ಪೊರೆ ಬೇಕೆಂದೇ ಸೋರುತ್ತದೆ. ಅಲ್ಲಿ ಬೇಕಾದದ್ದು ಎಟಿಪಿಗಿಂತ ಮೈಬಿಸಿ. ಅದೇ ಸೋರಿಕೆಯನ್ನು ಮೈಯೆಲ್ಲ ಹಬ್ಬಿಸುವುದು ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ. ತೂತು ಕೊಡಕ್ಕೆ ನೀರು ಹೊಯ್ದಂತೆ ಅನ್ನವೆಲ್ಲ ಬರಿಯ ಶಾಖವಾಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಬೊಜ್ಜು ಕರಗಿಸಲೆಂದು ಅದನ್ನು ನುಂಗಿದವರಲ್ಲಿ ಕೆಲವರು ಮೈ ಕಾದು ಸತ್ತರು. ಇಂದಿಗೂ ಅದು ಅಂತರ್ಜಾಲದಲ್ಲಿ ಕಳ್ಳದಾರಿಯಿಂದ ಮಾರಾಟವಾಗುತ್ತಿದೆ. ಯಾರಾದರೂ ಕೊಟ್ಟರೆ ದಯವಿಟ್ಟು ಬಾಯಿಗೆ ಹಾಕಬೇಡಿ.