ನೆರಳನ್ನು ಉಳಿಸಿಕೊಂಡ ಬೆಟ್ಟ
(ಬೇಸಿಗೆ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತೋಟ, ಕಾನು, ಒರತೆಗಳ ಕುರಿತು ಮಾತನಾಡುವ ಈ ವೇದಿಕೆಯಲ್ಲಿ ಇಂದು ಬಿಯರ್ ಹಬ್ಬವೊಂದರ ವಿಷಯವನ್ನು ಎತ್ತಿಕೊಂಡಿದ್ದೇನೆ. ಮದ್ಯದ ಗುಣಗಾನ ನನ್ನ ಉದ್ದೇಶವಲ್ಲ. ಒಂದು ಊರಿನ ಜನ ಬೆಟ್ಟದ ಮೇಲೆ ಮರಗಳನ್ನು ಏಕೆ ಬೆಳೆಸಿದರು, ಅವುಗಳ ಮೊದಲಿನ ಉಪಯೋಗ ತೀರಿದ ಬಳಿಕವೂ ಏಕೆ ಉಳಿಸಿಕೊಂಡರು ಎಂಬುದಷ್ಟೇ ನನ್ನ ವಿಷಯ.

ಜರ್ಮನಿಯ ಬವೇರಿಯಾ ರಾಜ್ಯದ ಉತ್ತರ ಭಾಗದಲ್ಲಿ ಎರ್ಲಾಂಗೆನ್ ಎಂಬ ನಗರವಿದೆ. ಅದರ ಅಂಚಿನ ಬುರ್ಗ್‌ಬೆರ್ಗ್ ನಮ್ಮ ಘಟ್ಟಗಳ ಎದುರು ಒಂದು ಗುಡ್ಡವಷ್ಟೆ. 1755ರಲ್ಲಿ ಊರಿನ ಆಡಳಿತವು ಪೆಂಟೆಕೋಸ್ಟ್ ಹಬ್ಬದ ಸಂತೆಯನ್ನು ಈ ಗುಡ್ಡಕ್ಕೆ ಸ್ಥಳಾಂತರಿಸಿತು. ಅದೇ ಮುಂದೆ ‘ಬೆರ್ಗ್‌ಕಿರ್ಶ್‌ವೈ’ ಎಂಬ ಉತ್ಸವವಾಗಿ ಬೆಳೆಯಿತು. ಬೇಸಿಗೆಯ ಮೊದಲ ದಿನಗಳಲ್ಲಿ, ಹನ್ನೆರಡು ದಿನ, ಲಕ್ಷಾಂತರ ಜನ ಅಲ್ಲಿಗೆ ಹತ್ತಿ ಬರುತ್ತಾರೆ. ಸಾಂಕ್ರಾಮಿಕದ ಕಾರಣ 2020 ಮತ್ತು 2021ರಲ್ಲಿ ಉತ್ಸವ ನಡೆಯಲಿಲ್ಲ.

ನಾನು ಅಲ್ಲಿ ಒಂದು ಮಧ್ಯಾಹ್ನವನ್ನು ಕಳೆದಿದ್ದೇನೆ. ಸಂಜೆಯ ಅಮಲು, ಗದ್ದಲಗಳು ಇನ್ನೂ ಏರಿರದ ಹೊತ್ತು ಅದು. ಅಜ್ಜ, ಅಜ್ಜಿ, ಮೊಮ್ಮಕ್ಕಳು ಉದ್ದನೆಯ ಮರದ ಬೆಂಚುಗಳ ಮೇಲೆ ಒಟ್ಟಾಗಿ ಕುಳಿತಿದ್ದರು. ಒಂದು ಲೀಟರಿನ ಕಲ್ಲುಮಣ್ಣಿನ ಮಗ್ಗಿಗೆ ಠೇವಣಿ ಕೊಡಬೇಕು, ಮಗ್ಗನ್ನು ಮರಳಿಸಿದರೆ ಹಣವೂ ಮರಳುತ್ತದೆ. ನಗರದ ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಮರಗಳಡಿಯಲ್ಲಿ ಮೈಗೆ ಹಿತವಾಗಿತ್ತು. ಬೆಟ್ಟದೊಳಕ್ಕೆ ಕೊರೆದ ನೆಲಮಾಳಿಗೆಯೊಂದರ ಬಾಗಿಲಲ್ಲಿ ನಿಂತಾಗ ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

ಆ ನೆಲಮಾಳಿಗೆಗಳೇ ಎಲ್ಲದಕ್ಕೂ ಮೂಲ. ಕೆಳಹುದುಗಿನ ಬಿಯರ್ ತಯಾರಿಸುವ ಯೀಸ್ಟ್ ತಂಪಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಹುದುಗು ಕೆಡುತ್ತಿತ್ತು. ಆದ್ದರಿಂದಲೇ ಬವೇರಿಯಾದಲ್ಲಿ 1539ರ ಕಟ್ಟಳೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿತ್ತು. ಚಳಿಗಾಲದ ಬಿಯರ್ ಬೇಸಿಗೆ ದಾಟುವವರೆಗೂ ಕೆಡದಿರಬೇಕಾದರೆ ತಂಪಾದ ಉಗ್ರಾಣ ಬೇಕು. ಎರ್ಲಾಂಗೆನ್ನಿನವರು ಅದನ್ನು ಬೆಟ್ಟದ ಮರಳುಗಲ್ಲಿನಲ್ಲಿ ಕೊರೆದರು. ಇಂಥ ನೆಲಮಾಳಿಗೆಗಳ ಮೇಲೆ ಹಾರ್ಸ್ ಚೆಸ್ಟ್‌ನಟ್‌ನಂತಹ ಅಗಲ ಎಲೆಯ ಮರಗಳನ್ನು ಬೆಳೆಸುವುದು ಆ ನಾಡಿನ ರೂಢಿ. ಎಲೆ ಬಿಸಿಲನ್ನು ತಡೆಯುತ್ತದೆ, ನೀರನ್ನು ಆವಿಯಾಗಿಸಿ ಗಾಳಿಯನ್ನೂ ತಂಪಾಗಿಸುತ್ತದೆ. ನೆರಳಿನ ನೆಲ ಕಾಯುವುದಿಲ್ಲ. ಅಂದರೆ ಮರವು ಅಲ್ಲಿ ಅಲಂಕಾರವಾಗಿರಲಿಲ್ಲ, ಉಗ್ರಾಣದ ಛಾವಣಿಯಾಗಿತ್ತು.

1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಶೈತ್ಯಯಂತ್ರವನ್ನು ಬಿಯರ್ ತಯಾರಿಕೆಗೆ ಅಳವಡಿಸಿದರು. ಬಯಲಿನ ಕಾರ್ಖಾನೆಗೂ ತಂಪು ದಕ್ಕಿತು. ಬೆಟ್ಟದ ನೆಲಮಾಳಿಗೆಗಳ ಮಹತ್ವ ಕುಸಿಯಿತು. ಲೆಕ್ಕಾಚಾರವಷ್ಟೇ ನಡೆದಿದ್ದರೆ ಮರಗಳು ಅಂದೇ ಸೌದೆಯಾಗಬೇಕಿತ್ತು. ಆದರೆ ಅಷ್ಟರಲ್ಲಿ ಜನ ಆ ನೆರಳಿನಲ್ಲಿ ನೂರಕ್ಕೂ ಹೆಚ್ಚು ಬೇಸಿಗೆಗಳನ್ನು ಕಳೆದಿದ್ದರು. ಮರ ಕಡಿದರೆ ಹಬ್ಬವೂ ಹೋಗುತ್ತಿತ್ತು. ಉಪಯೋಗ ಕಳೆದುಕೊಂಡ ಮರವನ್ನು ಒಡನಾಟ ಕಾಯ್ದಿತು ಎಂದೇ ನಾನು ತಿಳಿಯುತ್ತೇನೆ.

ಇದನ್ನು ಆದರ್ಶವೆಂದು ಹೊಗಳಲಾರೆ. ಅಷ್ಟೊಂದು ಪಾದಗಳು ತುಳಿದ ಮಣ್ಣು ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ, ನೀರು ಇಳಿಯುವುದು ಕಷ್ಟ. 2018ರಿಂದ 2020ರವರೆಗಿನ ಬರದ ವರ್ಷಗಳು ಜರ್ಮನಿಯ ಕಾಡುಗಳನ್ನು ತೀವ್ರವಾಗಿ ಬಾಧಿಸಿದವು. ಪ್ರೀತಿಯೊಂದಿಗೆ ಆರೈಕೆಯೂ ಸೇರಬೇಕು.

ಈಗ ನಮ್ಮ ಸೊಪ್ಪಿನ ಬೆಟ್ಟಗಳ ಕಡೆ ನೋಡೋಣ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟದ್ದು ಸೊಪ್ಪು, ದರಕು, ಗೊಬ್ಬರಗಳ ಆಸರೆಗಾಗಿ. ಇಂದು ಕೂಲಿಯಾಳು ಸಿಗದೆ ಅನೇಕ ಮನೆಗಳಲ್ಲಿ ಸೊಪ್ಪು ತರುವುದು ಕಡಿಮೆಯಾಗಿದೆ, ಚೀಲದ ಗೊಬ್ಬರ ಬಂದಿದೆ. ನಮ್ಮ ಪಾಲಿಗೆ ಲಿಂಡೆಯ ಯಂತ್ರ ಬಂದಂತೆಯೇ ಸರಿ. ಬೆಟ್ಟವನ್ನು ಸೊಪ್ಪಿಗಾಗಿ ಮಾತ್ರ ಬಲ್ಲವರು ಸೊಪ್ಪು ಬೇಡವಾದ ದಿನ ಅದನ್ನು ಮರೆಯುತ್ತಾರೆ. ಅದು ಕಾಯ್ದುಕೊಡುವ ಒರತೆ ಬತ್ತಿದಾಗ ನೆನಪಾದರೆ ಫಲವಿಲ್ಲ.

ಆದ್ದರಿಂದ ನನ್ನದೊಂದು ಸಣ್ಣ ಸೂಚನೆ. ಪ್ರತಿ ಊರಿನವರೂ ವರ್ಷಕ್ಕೊಂದು ಮಧ್ಯಾಹ್ನ ಮಕ್ಕಳೊಡನೆ ತಮ್ಮ ಬೆಟ್ಟದಲ್ಲಿ ಕೂರಲಿ. ಮುರುಗಲು ಪಾನಕವಿರಲಿ, ಮಜ್ಜಿಗೆಯಿರಲಿ, ತಟ್ಟೆ ಲೋಟಗಳನ್ನು ಮನೆಯಿಂದಲೇ ಒಯ್ಯೋಣ. ಯಾವ ಮರ ಒಣಗಿದೆ, ಎಲ್ಲಿ ಹೊಸ ಸಸಿ ಬೇಕು ಎಂಬುದನ್ನು ಅಂದೇ ನೋಡಿ ಬರೆದಿಡೋಣ. ಮಳೆ ಬೀಳುವ ಮೊದಲೇ ಇದು ಆಗಲಿ.