ಕಡಗ ಕೊಡುವವರು, ತೀರ್ಪು ಹೇಳುವವರು

(ಕೊಪ್ಪಳದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಒಂದು ಕಟ್ಟಳೆ ಗೊತ್ತಿರುತ್ತದೆ. ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ ಕೊಡುವವರು ಊರಿನ ಸಾವುಕಾರರು. ಕಣದ ಮಣ್ಣು ಹದ ಮಾಡಿಸುವ ಖರ್ಚು, ಪರಊರಿನಿಂದ ಬಂದ ಜಟ್ಟಿಗಳ ಊಟದ ಖರ್ಚು ಕೂಡ ಅವರದೇ ಇರಬಹುದು. ಆದರೆ ಯಾರ ಬೆನ್ನು ಮಣ್ಣಿಗೆ ತಾಗಿತು ಎಂದು ಹೇಳುವವರು ಹಿರಿಯ ಪೈಲ್ವಾನರು, ಪಂಚರು. ಕಡಗ ಕೊಡುವ ಕೈ ಬೇರೆ, ತೀರ್ಪು ಹೇಳುವ ಬಾಯಿ ಬೇರೆ. ಇವೆರಡೂ ಒಂದೇ ಆದ ದಿನ ಜನ ಕುಸ್ತಿ ನೋಡಲು ಬರುವುದನ್ನು ನಿಲ್ಲಿಸುತ್ತಾರೆ.

ಇಷ್ಟು ಸರಳವಾದ ಈ ಕಟ್ಟಳೆಯನ್ನು ದೇಶದ ಮಟ್ಟದಲ್ಲಿ ಪಾಲಿಸುವುದು ಮಾತ್ರ ಬಹಳ ಕಷ್ಟವಾಗಿದೆ. ಭಾರತದ ಫುಟ್‌ಬಾಲ್ ಆಡಳಿತದ ಕತೆ ಇದಕ್ಕೆ ಒಳ್ಳೆಯ ಉದಾಹರಣೆ.

ಕಬಡ್ಡಿ, ಕುಸ್ತಿ, ಕ್ರಿಕೆಟ್‌ಗಳ ಈ ನೆಲಕ್ಕೂ ಫುಟ್‌ಬಾಲಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಇದೆ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಆ ಕಾಲದಲ್ಲಿ ಹೈದರಾಬಾದ್ ಎಂದರೆ ಫುಟ್‌ಬಾಲಿನ ದೊಡ್ಡ ಹೆಸರು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಅದರ ಹಿಂದಿದ್ದವರು ಸೈಯದ್ ಅಬ್ದುಲ್ ರಹೀಂ, ಒಬ್ಬ ಶಾಲಾ ಶಿಕ್ಷಕ. 1943ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಕೊಪ್ಪಳ ಕನ್ನಡ ನಾಡಿಗೆ ಸೇರಿದ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಂ ತರಬೇತಿಯ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕರ ಘಟ್ಟ ತಲುಪಿತು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನವೂ ಅವರ ಕಾಲದ್ದೇ.

ರಾಷ್ಟ್ರೀಯ ಸಂಸ್ಥೆಯ ಚುಕ್ಕಾಣಿ ಮಾತ್ರ ಶಿಕ್ಷಕರ ಕೈಯಲ್ಲಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದು 1937ರ ಜೂನ್ 23ರಂದು, ಶಿಮ್ಲಾದ ಸೇನಾ ಪ್ರಧಾನ ಕಚೇರಿಯಲ್ಲಿ. ಮೊದಲಿಗೆ ಆಟವನ್ನು ಪೋಷಿಸಿದವರು ರಾಜರು, ಜಮೀನುದಾರರು, ಸೇನಾಧಿಕಾರಿಗಳು. ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯ ಹೆಸರು ಕೂಡ ಇಂದಿನ ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬ ಸಂಸ್ಥಾನದ ಮಹಾರಾಜರಿಂದ ಬಂದದ್ದು. ಮೈಸೂರು ರಾಜ್ಯ ತಂಡ ಈ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. 1968–69ರ ನಂತರ ಅದು ಮತ್ತೆ ಕನ್ನಡ ನಾಡಿಗೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿತು.

ರಾಜರ ಕಾಲ ಮುಗಿದ ಮೇಲೆ ರಾಜಕಾರಣಿಗಳ ಕಾಲ ಬಂತು. 1988ರಿಂದ 20 ವರ್ಷ ಪ್ರಿಯರಂಜನ್ ದಾಸ್‌ಮುನ್ಷಿ ಅಧ್ಯಕ್ಷರಾಗಿದ್ದರು. 2008ರಲ್ಲಿ ಅವರು ಅಸ್ವಸ್ಥರಾದಾಗ ಹೊಣೆ ಪ್ರಫುಲ್ ಪಟೇಲರಿಗೆ ಬಂತು. ಪಟೇಲರು ಮಹಾರಾಷ್ಟ್ರದ ಗೊಂದಿಯಾದ ಬೀಡಿ ಉದ್ಯಮದ ಮನೆತನದವರು, ಆಗ ಕೇಂದ್ರದಲ್ಲಿ ವಿಮಾನಯಾನ ಸಚಿವರು. ವ್ಯಾಪಾರ, ಅಧಿಕಾರ ಎರಡೂ ಬಲ್ಲವರು.

ವ್ಯಾಪಾರಿಯ ಕಣ್ಣಿಗೆ ಫೆಡರೇಷನ್ನಿನ ಮೊದಲ ಕೊರತೆ ಹಣ ಎಂದು ಕಂಡದ್ದು ಸಹಜ. 2010ರ ಡಿಸೆಂಬರ್‌ನಲ್ಲಿ ಭಾರತೀಯ ಫುಟ್‌ಬಾಲಿನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳಿಗೆ, 700 ಕೋಟಿ ರೂಪಾಯಿಗೆ ಐಎಂಜಿ–ರಿಲಯನ್ಸ್ ಸಂಸ್ಥೆಗೆ ವಹಿಸಲಾಯಿತು. ತೋಟದ ಫಸಲನ್ನು ಮುಂಗಡ ಗುತ್ತಿಗೆಗೆ ಕೊಟ್ಟಂತೆ ಇದು. ಕೊಟ್ಟವನಿಗೆ ಬರುವ ವರ್ಷದ ಚಿಂತೆ ತಪ್ಪುತ್ತದೆ. ಮರದ ಮೇಲಿನ ಹಿಡಿತವೂ ಅಷ್ಟು ಕಾಲ ತಪ್ಪುತ್ತದೆ. ಆ ಒಪ್ಪಂದದ ಫಲವಾಗಿ 2014ರ ಅಕ್ಟೋಬರ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಯಿತು. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆಯಿತು. 2015ರಲ್ಲಿ ವಿಶ್ವ ಶ್ರೇಯಾಂಕದಲ್ಲಿ 173ಕ್ಕೆ ಕುಸಿದಿದ್ದ ತಂಡ 2017ರಲ್ಲಿ 96ಕ್ಕೆ ಏರಿತು. 2019ರಲ್ಲಿ ಪಟೇಲರು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಮಂಡಳಿಗೆ ಚುನಾಯಿತರಾದ ಮೊದಲ ಭಾರತೀಯರಾದರು. ಇವನ್ನು ಅಲ್ಲಗಳೆಯಬೇಕಾಗಿಲ್ಲ.

ಉದ್ಯಮದ ಹಣ ಆಟಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಕೊಪ್ಪಳದ ನೆರೆಯಲ್ಲೇ ಸಾಕ್ಷಿ ಇದೆ. ತುಂಗಭದ್ರೆಯ ಆಚೆ ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವ ಜಿಂದಾಲ್ ಬಳಗವೇ 2013ರಲ್ಲಿ ಬೆಂಗಳೂರು ಎಫ್‌ಸಿ ತಂಡವನ್ನು ಕಟ್ಟಿತು. ಆ ತಂಡ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆದರೆ ಒಂದು ಕ್ಲಬ್ಬಿನ ಒಡೆತನ ಬೇರೆ, ಇಡೀ ದೇಶದ ಆಟದ ಯಜಮಾನಿಕೆ ಬೇರೆ. ಕ್ಲಬ್ ಒಡೆಯನ ಸ್ವತ್ತು. ಫೆಡರೇಷನ್ ಯಾರ ಸ್ವತ್ತೂ ಅಲ್ಲ. ಅಧ್ಯಕ್ಷನಾದವನು ಅಲ್ಲಿ ಕೆಲವು ಕಾಲದ ವಿಶ್ವಸ್ಥ, ಅಷ್ಟೆ.

ಎಡವಿದ್ದು ಇಲ್ಲೇ. ಪಟೇಲರ 2016ರ ಆಯ್ಕೆ ಕ್ರೀಡಾ ಸಂಹಿತೆಗೆ ಅನುಗುಣವಾಗಿಲ್ಲ ಎಂದು 2017ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿ, ಹೊಸ ನಿಯಮಾವಳಿ ರಚಿಸಲು ಇಬ್ಬರನ್ನು ನೇಮಿಸಿತು. ಸಂಹಿತೆಯ ಪ್ರಕಾರ ಅಧ್ಯಕ್ಷ ಸ್ಥಾನಕ್ಕೆ 12 ವರ್ಷವೇ ಮಿತಿ. 2020ರ ಡಿಸೆಂಬರ್‌ಗೆ ಅವಧಿ ಮುಗಿದರೂ, ನಿಯಮಾವಳಿ ಇತ್ಯರ್ಥವಾಗಿಲ್ಲ ಎಂಬ ಕಾರಣದಿಂದ ಚುನಾವಣೆ ನಡೆಯಲಿಲ್ಲ. 2022ರ ಮೇ 18ರಂದು ಸುಪ್ರೀಂ ಕೋರ್ಟ್ ಆಡಳಿತವನ್ನು ಮೂವರ ಸಮಿತಿಗೆ ಒಪ್ಪಿಸಿತು. ಹೊರಗಿನವರ ಹಸ್ತಕ್ಷೇಪವಾಗಿದೆ ಎಂದು ಫಿಫಾ ಆಗಸ್ಟ್ 15ರಂದು ಭಾರತವನ್ನೇ ಅಮಾನತು ಮಾಡಿತು.

ದಂಡ ತೆತ್ತವರು ಯಾರು? ಕುರ್ಚಿಯಲ್ಲಿದ್ದವರಲ್ಲ. ದೇಶದ ಮಹಿಳಾ ಲೀಗ್ ಗೆದ್ದ ಗೋಕುಲಂ ಕೇರಳ ತಂಡದ ಹುಡುಗಿಯರು ಏಷ್ಯಾ ಮಟ್ಟದ ಕ್ಲಬ್ ಪಂದ್ಯಾವಳಿಗಾಗಿ ತಾಷ್ಕೆಂಟಿನಲ್ಲಿ ಇಳಿದಿದ್ದರು. ಅಮಾನತಿನ ಸುದ್ದಿ ಅವರಿಗೆ ತಲುಪಿದ್ದು ಅಲ್ಲೇ. ಒಂದು ಪಂದ್ಯವನ್ನೂ ಆಡದೆ ಅವರು ಮರಳಿದರು. ಸಮಿತಿಯನ್ನು ಹಿಂತೆಗೆದ ಮೇಲೆ ಆಗಸ್ಟ್ 26ರಂದು ಅಮಾನತು ತೆರವಾಯಿತು. ಆ ಹುಡುಗಿಯರ ಪಂದ್ಯಗಳು ಮಾತ್ರ ಮರಳಿ ಬರಲಿಲ್ಲ.

ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಪಾಠವೂ ಇದೆ. ಬ್ರೆಜಿಲಿನ ಜೋವಾವ್ ಹವೆಲಾಂಜ್ ಸಾರಿಗೆ ಉದ್ಯಮಿ. 1936ರ ಒಲಿಂಪಿಕ್ಸ್‌ನಲ್ಲಿ ಈಜಿದವರು. 1958ರಲ್ಲಿ ಅವರು ತಮ್ಮ ದೇಶದ ಕ್ರೀಡಾ ಒಕ್ಕೂಟದ ಮುಖ್ಯಸ್ಥರಾದರು. ಅವರ ಆಡಳಿತದಲ್ಲಿ ಬ್ರೆಜಿಲ್ 1958, 1962, 1970ರ ವಿಶ್ವಕಪ್ ಗೆದ್ದಿತು. 1974ರಿಂದ 24 ವರ್ಷ ಅವರು ಫಿಫಾವನ್ನೇ ಆಳಿದರು, ಅದನ್ನು ಶ್ರೀಮಂತ ಸಂಸ್ಥೆಯಾಗಿಸಿದರು. ಕೊನೆಗೆ, ಹಕ್ಕು ಮಾರಾಟದ ಕಂಪನಿಯೊಂದರಿಂದ ಲಂಚ ಪಡೆದದ್ದು ಬಯಲಾಗಿ, 2013ರಲ್ಲಿ ಗೌರವಾಧ್ಯಕ್ಷ ಪದವಿಯನ್ನೂ ಬಿಡಬೇಕಾಯಿತು. ಸಂಸ್ಥೆ ಕಟ್ಟಿದ ಜಾಣ್ಮೆ ಮತ್ತು ಅದನ್ನು ಕೆಡಿಸಿದ ದುರಾಸೆ ಒಬ್ಬರಲ್ಲೇ ಇದ್ದವು. ತಡೆದು ಕೇಳುವವರು ಇರಲಿಲ್ಲ.

ಹಾಗಾದರೆ ಉದ್ಯಮಿ ಬೇಡ, ಆಟಗಾರನೇ ಇರಲಿ ಎಂದರೆ ಸಮಸ್ಯೆ ತೀರುವುದೆ? 2022ರ ಸೆಪ್ಟೆಂಬರ್ 2ರಂದು ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ ಅಧ್ಯಕ್ಷರಾದರು. ಅವರು ರಾಜಕಾರಣಿಯೂ ಹೌದು. ಅವರೆದುರು ನಿಂತಿದ್ದವರು ದೇಶದ ಹೆಸರಾಂತ ಆಟಗಾರ ಬೈಚುಂಗ್ ಭುಟಿಯಾ. ಮತ ಬಿದ್ದದ್ದು 33ಕ್ಕೆ 1. ಕರ್ನಾಟಕ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ, ಶಾಸಕ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾದರು. ಆದರೂ, 15 ವರ್ಷದ ಆ ಗುತ್ತಿಗೆ ಮುಗಿಯುವ ವರ್ಷ ಬಂದಾಗ ಮುಂದಿನ ಏರ್ಪಾಡು ಸಿದ್ಧವಿರಲಿಲ್ಲ. 2025ರ ಜುಲೈನಲ್ಲಿ ಸೂಪರ್ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಉಕ್ಕಿನ ಬಳಗದ ತಂಡಕ್ಕೇ ಈ ಗತಿಯಾದರೆ ಚಿಕ್ಕ ತಂಡಗಳ ಪಾಡನ್ನು ಊಹಿಸಬಹುದು.

ಅಂದರೆ ಕುರ್ಚಿಯಲ್ಲಿ ಕೂತವನ ಕಸುಬು ಯಾವುದು ಎಂಬುದು ಮುಖ್ಯ ಪ್ರಶ್ನೆಯಲ್ಲ. ಎಷ್ಟು ಕಾಲ ಕೂರುತ್ತಾನೆ, ಯಾರಿಗೆ ಲೆಕ್ಕ ಒಪ್ಪಿಸುತ್ತಾನೆ, ಆಡಿದವರ ಮಾತಿಗೆ ಅಲ್ಲಿ ಜಾಗ ಇದೆಯೆ ಎಂಬುದು ಮುಖ್ಯ. 2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಒಪ್ಪಿದ ಹೊಸ ನಿಯಮಾವಳಿ ಈ ಮೂರನ್ನೂ ಮುಟ್ಟುತ್ತದೆ. ಪದಾಧಿಕಾರಿಗೆ 12 ವರ್ಷದ ಮಿತಿ ಇದೆ. ಮಾಜಿ ಆಟಗಾರರಿಗೆ, ಮಹಿಳೆಯರಿಗೆ ಆಡಳಿತದಲ್ಲಿ ನಿಶ್ಚಿತ ಸ್ಥಾನಗಳಿವೆ.

ಈ ಮಾತು ದೆಹಲಿಗಷ್ಟೇ ಸಂಬಂಧಿಸಿದ್ದಲ್ಲ. ಗಂಗಾವತಿಯ ಅಕ್ಕಿ ಗಿರಣಿಯವರನ್ನೋ ಕುಷ್ಟಗಿಯ ಗ್ರಾನೈಟ್ ಉದ್ಯಮಿಯನ್ನೋ ತಾಲ್ಲೂಕಿನ ಕ್ರೀಡಾ ಸಂಘವೊಂದು ಅಧ್ಯಕ್ಷರಾಗಿ ಎಂದು ಕರೆದರೆ ಅದರಲ್ಲಿ ತಪ್ಪೇನೂ ಇಲ್ಲ. ಚೆಂಡು, ಬೂಟು, ಬಸ್ಸಿನ ಖರ್ಚು ಯಾರಾದರೂ ಕೊಡಲೇಬೇಕು. ಆದರೆ ಕರೆಯುವ ದಿನವೇ ಅವಧಿ ಎಷ್ಟು ಎಂದು ಬರೆದಿಡಬೇಕು. ವರ್ಷಕ್ಕೊಮ್ಮೆ ಲೆಕ್ಕವನ್ನು ಸಭೆಯಲ್ಲಿ ಓದಬೇಕು. ತಂಡ ಆರಿಸುವ ಕೆಲಸವನ್ನು ಆಡಿದವರಿಗೆ ಬಿಡಬೇಕು. ಜಾತ್ರೆಯ ಕಣದಲ್ಲಿ ಓದು ಬರಹ ಬಾರದ ಹಿರಿಯರೂ ನಡೆಸಿಕೊಂಡು ಬಂದಿರುವ ಪದ್ಧತಿ ಇದು.